ಆಂಟಿಕಿಥೆರಾ ಯಂತ್ರ: ಚಂದ್ರನ ಏರುಪೇರು ವೇಗ ಗೇರ್‌ನಲ್ಲಿ ಬಂದದ್ದು ಹೇಗೆ?

ತಾರಾಪ್ರಿಯ:
ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಹತ್ತಿರ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆ ತಂದ ಕಂಚಿನ ಯಂತ್ರದ ಬಗ್ಗೆ ಓದುತ್ತಿದ್ದೇನೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಹಿಡಿ ತಿರುಗಿಸಿದರೆ ಸೂರ್ಯ, ಚಂದ್ರರ ಮುಳ್ಳು ಓಡುತ್ತಿದ್ದವು, ಅಷ್ಟು ಅರ್ಥವಾಯಿತು. ಆದರೆ ಚಂದ್ರ ಭೂಮಿಗೆ ಹತ್ತಿರ ಬಂದಾಗ ಜೋರಾಗಿ, ದೂರ ಹೋದಾಗ ನಿಧಾನವಾಗಿ ಚಲಿಸುತ್ತಾನೆ ಅಲ್ವಾ? ಗೇರ್ ಒಂದೇ ಸಮ ತಿರುಗುತ್ತದೆ. ಅದನ್ನು ಹೇಗೆ ಹೊಂದಿಸಿದರು?

ಹಲ್ಲುಚಕ್ರ:
ಮೊದಲು ಸರಾಸರಿ ವೇಗ ನೋಡಿ. 19 ವರ್ಷದಲ್ಲಿ ಚಂದ್ರ ನಕ್ಷತ್ರಗಳ ನಡುವೆ 254 ಸುತ್ತು ಬರುತ್ತಾನೆ. ಯಂತ್ರದಲ್ಲಿ 64 ಹಲ್ಲಿನ ಗೇರ್ 38ರದ್ದನ್ನು, 48 ಹಲ್ಲಿನದು 24ರದ್ದನ್ನು, 127 ಹಲ್ಲಿನದು 32ರದ್ದನ್ನು ತಿರುಗಿಸುತ್ತದೆ. ಗುಣಿಸಿ ನೋಡಿ, ಸರಿಯಾಗಿ 254/19 ಬರುತ್ತದೆ. 127 ಅಂದರೆ 254ರ ಅರ್ಧ, ಅದು ಅವಿಭಾಜ್ಯ ಸಂಖ್ಯೆ, ಚಿಕ್ಕ ಸಂಖ್ಯೆಗಳಾಗಿ ಒಡೆಯಲು ಬರುವುದಿಲ್ಲ, ಹಾಗಾಗಿ ಅಷ್ಟೂ ಹಲ್ಲುಗಳನ್ನು ಕೊರೆಯದೆ ಬೇರೆ ದಾರಿಯೇ ಇರಲಿಲ್ಲ. ಅದೇ 19 ವರ್ಷದಲ್ಲಿ 235 ಅಮಾವಾಸ್ಯೆ ಬರುತ್ತವೆ. ನಮ್ಮ ಪಂಚಾಂಗದಲ್ಲಿ 19 ವರ್ಷಕ್ಕೆ ಸುಮಾರು 7 ಅಧಿಕ ಮಾಸ ಬರುವುದೂ ಇದೇ ಲೆಕ್ಕ.

ಕಂಚಿನಕೆಲಸ:
ನಿಮ್ಮ ಪ್ರಶ್ನೆಗೆ ಉತ್ತರ ಹಿಂಭಾಗದಲ್ಲಿದೆ, ನನಗೆ ಇಡೀ ಯಂತ್ರದಲ್ಲಿ ಅತಿ ಇಷ್ಟವಾದ ಜಾಗ. ತಲಾ 50 ಹಲ್ಲಿನ ಎರಡು ಗೇರ್ ಒಂದರ ಮೇಲೊಂದು ಕೂತಿವೆ, ಆದರೆ ಅವುಗಳ ಕೇಂದ್ರಗಳು ಸುಮಾರು ಒಂದು ಮಿಲಿಮೀಟರ್ ಆಚೀಚೆ. ಒಂದರ ಮೇಲೆ ಸಣ್ಣ ಗೂಟ, ಇನ್ನೊಂದರಲ್ಲಿ ಸೀಳು. ಗೂಟ ಸೀಳಿನೊಳಗೆ ಜಾರುತ್ತಾ ತಳ್ಳುವುದರಿಂದ ಎರಡನೆಯದು ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗುತ್ತದೆ. ಚಂದ್ರ ಅತಿ ದೂರವಿರುವ ಜಾಗವೂ ಸುಮಾರು 9 ವರ್ಷಕ್ಕೊಮ್ಮೆ ಆಕಾಶ ಸುತ್ತುತ್ತದೆ, ಅದಕ್ಕೇ ಈ ಜೋಡಿಯನ್ನು 223 ಹಲ್ಲಿನ ದೊಡ್ಡ ಗೇರ್ ಮೇಲೆ ಕೂರಿಸಿ ಅದೇ ವೇಗದಲ್ಲಿ ತಿರುಗಿಸಿದ್ದಾರೆ. ಇನ್ನೊಂದು ವಿಷಯ, ಗ್ರಹಣಗಳು ಮರುಕಳಿಸುವುದು 223 ಚಾಂದ್ರಮಾನ ತಿಂಗಳಿಗೆ (ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು), ಅಂದರೆ 18 ವರ್ಷ 11 ದಿನಕ್ಕೆ. ಗ್ರಹಣದ ಡಯಲ್ ಓಡಿಸುವುದೂ ಅದೇ ಗೇರ್! ಒಂದೇ ಗೇರಿಗೆ ಎರಡು ಕೆಲಸ ಕೊಟ್ಟವನ ತಲೆಗೆ ಕೈ ಮುಗಿಯಬೇಕು.

ತಾರಾಪ್ರಿಯ:
ಅಬ್ಬಾ! ತುಕ್ಕು ಹಿಡಿದ ತುಂಡುಗಳಲ್ಲಿ ಇದನ್ನೆಲ್ಲ ಹೇಗೆ ಕಂಡುಹಿಡಿದರು?

ಹಲ್ಲುಚಕ್ರ:
2005ರಲ್ಲಿ ಎಕ್ಸ್-ರೇ ಸಿಟಿ ಸ್ಕ್ಯಾನ್ ಮಾಡಿದರು, ಒಳಗಿನ ಹಲ್ಲು, ಬರಹ ಎರಡೂ ಕಂಡವು. 82 ತುಂಡುಗಳಲ್ಲಿ ಉಳಿದಿರುವುದು 30 ಗೇರ್. ಗ್ರಹಗಳ ಭಾಗ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ತಂಡ ಆ ಭಾಗಕ್ಕೆ 2021ರಲ್ಲಿ ಕೊಟ್ಟ ಮಾದರಿ ಚೆನ್ನಾಗಿದೆ, ಆದರೂ ಅದನ್ನು ಊಹೆ ಅಂತಲೇ ಓದಿ. ಅಥೆನ್ಸ್‌ಗೆ ಹೋದರೆ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ಮೂಲ ತುಂಡುಗಳನ್ನೇ ನೋಡಬಹುದು.