ಸ್ಟೀಲ್ ಶೀಟಿಗೆ ತೂತು ಬೀಳ್ತಿಲ್ಲ, ಡ್ರಿಲ್ ಬಿಟ್ ಎಲ್ಲ ಸುಟ್ಟು ಹೋಗ್ತಿದೆ (ಮನೆಯಲ್ಲೇ ಕಟ್ಟಿದ ಕ್ಯಾಂಪಿಂಗ್ ಟ್ರೈಲರ್)

ತಿರುಗಾಡಿ: ತಲೆ ಕೆಟ್ಟು ಹೋಗಿದೆ. ಟ್ರೈಲರ್ ಹೊರಮೈಗೆ ಅಂತ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಶೀಟ್ ತಂದಿದ್ದೀನಿ, 0.8 ಮಿ.ಮೀ. ರಿವೆಟ್‌ಗೆ ತೂತು ಹಾಕೋಕೆ ಹೋದ್ರೆ ಬಿಟ್ ಒಂದು ಕ್ಷಣ ಕಚ್ಚುತ್ತೆ, ಆಮೇಲೆ ಕಿರ್‍ ಅಂತ ಕಿರುಚುತ್ತೆ, ಹೊಗೆ ಬರುತ್ತೆ, ತುದಿ ನೀಲಿಯಾಗಿ ಮೊಂಡಾಗುತ್ತೆ. ಶೀಟಿನ ಮೇಲೆ ಕನ್ನಡಿ ಥರ ಹೊಳೆಯೋ ಚುಕ್ಕೆ ಬಿಟ್ಟರೆ ಏನೂ ಇಲ್ಲ. ಹೊಸ ಬಿಟ್ ಹಾಕಿ ಅಲ್ಲೇ ಒತ್ತಿದ್ರೂ ಅದೇ ಕಥೆ. ಯಾವ ಬಿಟ್ ತಗೋಬೇಕು ಹೇಳಿ, ಅಷ್ಟು ಸಾಕು.

ಗಾಲಿಮನೆ: ಕೋಬಾಲ್ಟ್ ಬಿಟ್ ತಗೊಳ್ಳಿ, ಎಂ35 ಅನ್ನೋ ಗ್ರೇಡ್. ತುದಿ 135 ಡಿಗ್ರಿ ಇರಬೇಕು, ಜಾರಲ್ಲ. ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಈ ಸ್ಟೀಲಿಗೆ ಬಾಳಿಕೆ ಬರಲ್ಲ.

ಲೋಹಪರೀಕ್ಷೆ: ಬಿಟ್ ಆಮೇಲೆ. ಅದು 304 ಹೌದಾ ಮೊದಲು ನೋಡಿ. ಅಯಸ್ಕಾಂತ ಇಡಿ. ಗಟ್ಟಿಯಾಗಿ ಅಂಟಿದ್ರೆ 430 ಅನ್ನೋ ಬೇರೆ ಗ್ರೇಡ್ ಕೊಟ್ಟಿದ್ದಾರೆ ಅಂತ ಅರ್ಥ.

ತಿರುಗಾಡಿ: ಅಂಟಲಿಲ್ಲ.

ಲೋಹಪರೀಕ್ಷೆ: ಹಾಗಾದ್ರೆ 202 ಗ್ರೇಡ್ ಇರಬೇಕು. ಅದಕ್ಕೂ ಅಂಟಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರ್ತಾರೆ. ಹನಿ ಹಾಕಿ ನೋಡೋ ಪರೀಕ್ಷಾ ದ್ರವ ಸಿಗುತ್ತೆ, ಅದು ತರಿಸಿ. ಗ್ರೇಡ್ ಗೊತ್ತಾಗದೆ ಮುಂದೆ ಹೋಗೋದೇ ಬೇಡ.

ಹಳೇ_ಫಿಟ್ಟರ್: ಸರ್, 304 ಆಗಲಿ 202 ಆಗಲಿ, ಉಜ್ಜಿದಷ್ಟೂ ಗಟ್ಟಿಯಾಗೋ ಜಾತಿ ಎರಡೂ. ಈ ತೂತಿಗೆ ಗ್ರೇಡ್ ಪ್ರಶ್ನೆ ಬರಲ್ಲ. ತಿರುಗಾಡಿ ಅವರೇ, ಡ್ರಿಲ್ ಎಷ್ಟು ಸ್ಪೀಡಲ್ಲಿ ಓಡಿಸ್ತಿದ್ದೀರಿ? ಶೀಟ್ ಯಾವುದಕ್ಕೆ ಬಿಗಿದಿದ್ದೀರಿ? ಹಿಂದೆ ಏನು ಆಸರೆ ಇದೆ?

ಲೋಹಪರೀಕ್ಷೆ: ಗ್ರೇಡ್ ಪ್ರಶ್ನೆ ಹೇಗೆ ಬರಲ್ಲ? ನಾಳೆ ಮಳೆಗೆ ತುಕ್ಕು ಹಿಡಿದ್ರೆ?

ತಿರುಗಾಡಿ: ಮರಕ್ಕೆ ಹಾಕೋ ಸ್ಪೀಡೇ, ಗೇರ್ 2, ಟ್ರಿಗರ್ ಪೂರ್ತಿ. ಶೀಟನ್ನ ಫ್ರೇಮಿಗೆ ಒರಗಿಸಿ ನನ್ನ ತಮ್ಮ ಕೈಯಲ್ಲಿ ಹಿಡ್ಕೊಂಡಿರ್ತಾನೆ, ಹಿಂದಿನ ಸ್ಕ್ವೇರ್ ಪೈಪ್ ಸೇರಿಸಿ ಒಟ್ಟಿಗೇ ತೂತು. ಇಬ್ಬರೂ ಬಟ್ಟೆ ಗ್ಲೌಸ್ ಹಾಕ್ಕೊಂಡಿದ್ದೀವಿ. ನಿನ್ನೆ ಪೈಪ್ ಇಲ್ಲದ ಕಡೆ ಒಂದು ತೂತು ಬಿತ್ತು, ಆದ್ರೆ ಬಿಟ್ ಸಿಕ್ಕಿಕೊಂಡು ಶೀಟ್ ಗಿರ್‍ ಅಂತ ತಿರುಗಿ ಅವನ ಗ್ಲೌಸ್ ಸೀಳಿಹೋಯ್ತು. ಅಂಗೈ ತರಚಿದೆ ಅಷ್ಟೇ. ಬಿಟ್ ವಿಷಯ ಹೇಳಿ.

ಹಳೇ_ಫಿಟ್ಟರ್: ಬಿಟ್ ವಿಷಯ ಪಕ್ಕಕ್ಕಿಡಿ. ದಯವಿಟ್ಟು ಇವತ್ತು ಕೆಲಸ ನಿಲ್ಲಿಸಿ, ಇದನ್ನ ಓದಿ. ತೆಳು ಶೀಟಲ್ಲಿ ಬಿಟ್ ಹೊರಬೀಳೋ ಗಳಿಗೆಯೇ ಅಪಾಯ. ತುದಿ ಆಚೆ ಹೋಗಿರುತ್ತೆ, ಬಿಟ್ಟಿನ ಸುರುಳಿ ಅಂಚು ಶೀಟನ್ನ ಎತ್ತಿಕೊಳ್ಳುತ್ತೆ, ಆಮೇಲೆ ಇಡೀ ಶೀಟೇ ತಿರುಗೋ ಕತ್ತಿ. ಇವತ್ತು ತರಚಿದ್ದು ನಾಳೆ ಬೆರಳಿನ ನರ ಕಡಿಯುತ್ತೆ. ಕೈಯಲ್ಲಿ ಹಿಡಿಯೋದು ಬೇಡವೇ ಬೇಡ. ಎರಡು ಕಡೆ ಕ್ಲಾಂಪ್, ಹಿಂದೆ ಮರದ ತುಂಡು ಒತ್ತಿ ಕೂರಿಸಿ. ಡ್ರಿಲ್ ಹಿಡಿಯೋ ಕೈಗೆ ಗ್ಲೌಸ್ ಬೇಡ, ನೂಲು ಬಿಟ್ಟಿಗೆ ಸುತ್ತಿಕೊಂಡ್ರೆ ಬೆರಳೂ ಹೋಗುತ್ತೆ. ಕನ್ನಡಕ ಮಾತ್ರ ತೆಗೀಬೇಡಿ.

ಈಗ ತೂತು. 5 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 700 ಸುತ್ತು ಸಾಕು. ಗೇರ್ 1, ಕಟಿಂಗ್ ಆಯಿಲ್ ಒಂದು ಹನಿ, ಚೆನ್ನಾಗಿ ಒತ್ತಿ. ಸಿಂಬೆ ಸಿಂಬೆಯಾಗಿ ಚೂರು ಏಳ್ತಾ ಇರಬೇಕು. ಪುಡಿ ಬಂದ್ರೆ ಬಿಟ್ ಕೊರೀತಿಲ್ಲ, ಉಜ್ಜುತಿದೆ. ಹಾಗೆ ಉಜ್ಜಿದ ಜಾಗವೇ ನಿಮ್ಮ ಹೊಳೆಯೋ ಚುಕ್ಕೆ. ಅಲ್ಲಿ ಮತ್ತೆ ಒತ್ತಬೇಡಿ, ತೂತು ಸ್ವಲ್ಪ ಪಕ್ಕಕ್ಕೆ ಸರಿಸಿ. ಸೆಂಟರ್ ಪಂಚ್ (ತೂತಿನ ಜಾಗಕ್ಕೆ ಗುಳಿ ಹೊಡೆಯೋ ಉಳಿ) ಕೂಡ ಜೋರಾಗಿ ಹೊಡೀಬೇಡಿ, ಆ ಗುಳಿಯೂ ಗಟ್ಟಿಯಾಗುತ್ತೆ.

ಗಾಲಿಮನೆ: ಗ್ಲೌಸ್ ಬೇಡ ಅನ್ನೋದು ಒಪ್ಪಲ್ಲ. ಶೀಟ್ ಅಂಚು ಬ್ಲೇಡ್ ಥರ ಇರುತ್ತೆ.

ಹಳೇ_ಫಿಟ್ಟರ್: ಎತ್ತುವಾಗ, ಸಾಗಿಸುವಾಗ ಕಟ್ ತಡೆಯೋ ಗ್ಲೌಸ್ ಬೇಕೇ ಬೇಕು. ತಿರುಗೋ ಮೆಷಿನ್ ಮುಂದೆ ಬೇಡ ಅಂದೆ.

ಗಾಲಿಮನೆ: ಸರಿ. ರಿವೆಟ್ ಅಲ್ಯೂಮಿನಿಯಂದೇ ಹಾಕಿ, ಸಲೀಸಾಗಿ ಕೂರುತ್ತೆ. ನನ್ನ ಟ್ರೈಲರ್ ಪೂರ್ತಿ ಅದೇ. ಹಿಂಬದಿಗೆ ಎಳೆಯೋ ಅಡುಗೆ ಕಟ್ಟೆ, ಮೇಲೆ ಮಡಚೋ ಟೆಂಟ್, 100 ಲೀಟರ್ ನೀರಿನ ಟ್ಯಾಂಕ್, ಎರಡು ಸೋಲಾರ್ ಪ್ಯಾನೆಲ್, ಎಲ್ಲ ನಾನೇ ಮಾಡಿದ್ದು. ಡ್ರಾಯರ್ ಸ್ಲೈಡ್‌ಗೆ ಲಾಕ್ ಇರೋದು ಹಾಕಿ, ಇಲ್ಲಾಂದ್ರೆ ತಿರುವಲ್ಲಿ ತಾನಾಗೇ ಹೊರಗೆ ಬರುತ್ತೆ.

ತಗಡುಕೆಲಸ: ಅಲ್ಯೂಮಿನಿಯಂ ರಿವೆಟ್ ಬೇಡ. ದೊಡ್ಡ ಸ್ಟೀಲ್ ಮೈಗೆ ಪುಟ್ಟ ಅಲ್ಯೂಮಿನಿಯಂ ತಾಗಿ ನೀರು ಕೂತ್ರೆ ಸವೆಯೋದು ಅಲ್ಯೂಮಿನಿಯಂ, ಅದೂ ಬೇಗ. ಸ್ಟೇನ್‌ಲೆಸ್ ಸ್ಟೀಲ್ ರಿವೆಟ್ಟೇ ಹಾಕಿ. ಶೀಟಿಗೂ ಪೈಪಿಗೂ ನಡುವೆ ಬ್ಯುಟೈಲ್ ಟೇಪ್ (ನೀರು ತಡೆಯೋ ರಬ್ಬರ್ ಅಂಟುಪಟ್ಟಿ) ಬರಲಿ, ಪೈಪಿನ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ. 2.4 ಮೀಟರ್ ಶೀಟ್ 40 ಡಿಗ್ರಿ ಬಿಸಿ ಏರಿದ್ರೆ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತೆ. ನಡುವಿಂದ ರಿವೆಟ್ ಹಾಕ್ತಾ ಅಂಚಿಗೆ ಹೋಗಿ, ಇಲ್ಲಾಂದ್ರೆ ಉಬ್ಬು ನಡುವೆ ನಿಲ್ಲುತ್ತೆ.

ಗಾಲಿಮನೆ: ನನ್ನದು ಸವೆದಿಲ್ಲ.

ತಗಡುಕೆಲಸ: ಒಂದು ರಿವೆಟ್ ತೆಗೆದು ಒಳಗೆ ಬಿಳಿ ಪುಡಿ ಇದೆಯಾ ನೋಡಿ.

ತಿರುಗಾಡಿ: ಕ್ಲಾಂಪ್ ಹಾಕಿ, ಗೇರ್ 1ರಲ್ಲಿ, ಶೀಟಿಗೆ ಬೇರೆ, ಪೈಪಿಗೆ ಬೇರೆ ತೂತು ಹಾಕಿದೆ. ಉದ್ದುದ್ದ ಸಿಂಬೆ ಬಂತು! ಹಳೇ ಫಿಟ್ಟರ್ ಸರ್, ನಿಮಗೆ ತುಂಬಾ ಥ್ಯಾಂಕ್ಸ್. ಇನ್ನೊಂದು: ಗ್ರೈಂಡರಲ್ಲಿ ಕತ್ತರಿಸಿದ ಅಂಚಿನ ಸುತ್ತ ಕಂದು ಚುಕ್ಕೆ ಎದ್ದಿದೆ.

ಲೋಹಪರೀಕ್ಷೆ: ನೋಡಿ, ಅದಕ್ಕೇ ಗ್ರೇಡ್ ಪರೀಕ್ಷೆ ಮಾಡಿ ಅಂದಿದ್ದು.

ಹಳೇ_ಫಿಟ್ಟರ್: ಕಬ್ಬಿಣದ ಪೈಪ್ ಕತ್ತರಿಸಿದ ಡಿಸ್ಕಲ್ಲೇ ಶೀಟೂ ಕತ್ತರಿಸಿದ್ರಾ? ಕಬ್ಬಿಣದ ಕಣ ಶೀಟಿಗೆ ಕಚ್ಚಿಕೊಂಡು ಅದೇ ತುಕ್ಕು ಹಿಡಿಯುತ್ತೆ. ಪೈಪ್ ಕತ್ತರಿಸುವಾಗ ಹಾರಿದ ಕಿಡಿಯೂ ಸಾಕು. 304ಕ್ಕೂ ಹೀಗಾಗುತ್ತೆ. ಸಿಟ್ರಿಕ್ ಆಸಿಡ್ ನೀರಲ್ಲಿ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆದು ಒರೆಸಿ. ಬ್ಲೀಚಿಂಗ್, ಹೈಡ್ರೋಕ್ಲೋರಿಕ್ ಆಸಿಡ್ ಮುಟ್ಟಿಸಬೇಡಿ, ಅವುಗಳಲ್ಲಿರೋ ಕ್ಲೋರೈಡ್ ಸ್ಟೀಲನ್ನ ತಿನ್ನುತ್ತೆ. ಕಬ್ಬಿಣದ ವೈರ್ ಬ್ರಷ್ಷೂ ಬೇಡ.

ತಿರುಗಾಡಿ: ಡಿಸ್ಕ್ ಒಂದೇ. ಹೊಸದು ಬೇರೆ ಇಡ್ತೀನಿ. ಬಾಗಿಲ ಕಡೆ ಅಂಚು ಕೈಗೆ ತಾಗುತ್ತೆ, ಮಕ್ಕಳೂ ಹತ್ತಿ ಇಳೀತಾರೆ. ಅರ ಹಾಕಿದ್ರೆ ಸಾಕಾ?

ತಗಡುಕೆಲಸ: ಸಾಲದು. ಎರಡೂ ಬದಿ ಅರ ಹಾಕಿ ಬರ್ (ಅಂಚಲ್ಲಿ ಎದ್ದ ಚೂಪು ಚೂರು) ತೆಗೆದ ಮೇಲೆ 10 ಮಿ.ಮೀ. ಒಳಕ್ಕೆ ಮಡಚಿ. ಎರಡು ಆಂಗಲ್ (L ಆಕಾರದ ಪಟ್ಟಿ) ನಡುವೆ ಕ್ಲಾಂಪ್ ಮಾಡಿ ಬಗ್ಗಿಸಿ. ಆಂಗಲ್ ಕಬ್ಬಿಣದ್ದಾದ್ರೆ ಟೇಪ್ ಸುತ್ತಿ. ಆಮೇಲೆ ಮರದ ಕೊಡತಿಯಲ್ಲಿ ತಟ್ಟಿ ಮುಚ್ಚಿ. ಸ್ವಲ್ಪ ಹಿಂದಕ್ಕೆ ಚಿಮ್ಮುತ್ತೆ, ಇನ್ನೊಂದು ಸುತ್ತು ತಟ್ಟಿದ್ರೆ ಕೂರುತ್ತೆ.