ರೇಡಿಯಲ್ ಎಂಜಿನ್ನಿನ ರಾಡುಗಳ ಲೆಕ್ಕಾಚಾರಕ್ಕೆ ಸಹಾಯ ಬೇಕು

ಮಾನ್ಯರೇ, ಒಂಬತ್ತು ಸಿಲಿಂಡರುಗಳ ರೇಡಿಯಲ್ ಎಂಜಿನ್ನಿನ ಒಳರಚನೆಯನ್ನು ತೋರಿಸುವ, ಕೈಯಿಂದ ತಿರುಗಿಸಬಹುದಾದ ಮರದ ಮಾದರಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಒಂದೇ ಕ್ರ್ಯಾಂಕಿನ (ತಿರುಗುವ ಬಾಗುದಂಡದ) ಸುತ್ತ ವೃತ್ತಾಕಾರವಾಗಿ ನಿಂತ ಸಿಲಿಂಡರುಗಳು 1-3-5-7-9-2-4-6-8 ಎಂದು ಒಂದನ್ನು ಬಿಟ್ಟು ಒಂದರಂತೆ ಉರಿಯುವ ಸೊಗಸು ಈಗಿನ ಎಂಜಿನ್ನುಗಳಲ್ಲಿ ನನಗಂತೂ ಕಂಡಿಲ್ಲ (ಸಿಲಿಂಡರುಗಳ ಸಂಖ್ಯೆ ಬೆಸವಾಗಿರುವುದೂ ಇದಕ್ಕಾಗಿಯೇ).

ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ರಾಡುಗಳಲ್ಲಿ ಮುಖ್ಯವಾದ ಮಾಸ್ಟರ್ ರಾಡ್ ಒಂದೇ ನೇರವಾಗಿ ಕ್ರ್ಯಾಂಕ್ ಪಿನ್ನಿಗೆ ಕೂಡಿಕೊಂಡು, ಉಳಿದ ಎಂಟು ರಾಡುಗಳು ಅದರ ತಲೆಯ ಸುತ್ತಲಿನ ಸಣ್ಣ ಪಿನ್ನುಗಳಿಗೆ ಸೇರಿರುವುದರಿಂದ, ಪಿಸ್ಟನ್ನುಗಳು ಮೇಲ್ತುದಿ ಮುಟ್ಟುವ ಗಳಿಗೆಗಳ ನಡುವೆ ಸರಿಯಾಗಿ 40 ಡಿಗ್ರಿಗಳ ಅಂತರ ಉಳಿಯುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಕಿಡಿ ಹೊತ್ತಿಸುವ ಮ್ಯಾಗ್ನೆಟೋದ ಕ್ಯಾಮಿನ (ಕಿಡಿಯ ಗಳಿಗೆಯನ್ನು ನಿರ್ಧರಿಸುವ ತಿರುಗುಬಿಲ್ಲೆಯ) ಉಬ್ಬುಗಳನ್ನೇ ಅಸಮವಾಗಿ ರೂಪಿಸಿ ಇದನ್ನು ಸರಿದೂಗಿಸಿದ್ದಾರೆ. ಆ ಸಣ್ಣ ಪಿನ್ನುಗಳ ಸ್ಥಾನವನ್ನು ಲೆಕ್ಕಹಾಕುವ ವಿಧಾನ ಬಲ್ಲವರು, ಅಥವಾ ಇಂಥ ಎಂಜಿನ್ನನ್ನು ಬಿಚ್ಚಿ ಅಳೆದವರು ದಯವಿಟ್ಟು ತಿಳಿಸಬೇಕು. ಮಾಸ್ಟರ್ ರಾಡಿನ ಸ್ಪಷ್ಟ ಚಿತ್ರವೊಂದು ದೊರೆತರೂ ಉಪಕಾರವಾಗುತ್ತದೆ.