ಸಹಾಯ ಬೇಕು: ಮಗಳ ಮೊದಲ ಪರಮಪ್ರಸಾದ, ಅತ್ತೆಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಂಗಳೂರಿನಲ್ಲಿ. ಯಜಮಾನರ ಸಂಬಳ 38,000 ರೂಪಾಯಿ. ಅದರಲ್ಲಿ 32,000ದೊಳಗೆ ಮನೆ ನಡೆಸಿ, 2 ವರ್ಷದಲ್ಲಿ 1,40,000 ಉಳಿಸಿದ್ದೇವೆ. ಸಾಲ ಇಲ್ಲ.

ಬರುವ ತಿಂಗಳು ಮಗಳ ಮೊದಲ ಪರಮಪ್ರಸಾದ, ಅಂದರೆ ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ಸಂಸ್ಕಾರ. ಹಾಲ್ ಮಾಡಿ 200 ಜನಕ್ಕೆ ಊಟ ಹಾಕಲೇಬೇಕು ಅಂತ ಅತ್ತೆಯ ಹಠ. ಉಳಿಸಿದ್ದೆಲ್ಲ ಒಂದೇ ದಿನಕ್ಕೆ ಹೋಗುತ್ತದೆ. ಮನೆಯಲ್ಲೇ 40 ಜನಕ್ಕೆ ಸನ್ನ (ಇಡ್ಲಿಯಂಥ ತಿಂಡಿ), ಕೋಳಿ ಸಾರು ಮಾಡೋಣ ಅಂದೆ. ಖರ್ಚಿನ ಪುಸ್ತಕ ತೋರಿಸಿದೆ. ಯಜಮಾನರೂ ಮಾತಾಡಿದರು. "ದೇವರ ಕಾರ್ಯಕ್ಕೂ ಜಿಪುಣತನವಾ?" ಅಂದುಬಿಟ್ಟರು ಅತ್ತೆ. ಆ ಮಾತು ತುಂಬಾ ನೋಯಿಸಿತು.

ಮಗಳಿಗೆ ಅಕ್ಕನ ಮಗಳ ಬಿಳಿ ಫ್ರಾಕನ್ನೇ ಅಂಚು ಬಿಚ್ಚಿ ಉದ್ದ ಮಾಡಿದ್ದೇನೆ. ಹಳೆಯ ಮಡಿಕೆಯ ಗೆರೆ ಇನ್ನೂ ಕಾಣುತ್ತದೆ. ಅವಳು ಅದನ್ನೇ ಹಾಕಿಕೊಂಡು ಕನ್ನಡಿ ಮುಂದೆ ಗಿರಗಿರ ತಿರುಗುತ್ತಾಳೆ! ಅವಳಿಗಿರುವ ತೃಪ್ತಿ ನಮಗೆ ಯಾಕಿಲ್ಲ ಅನ್ನಿಸುತ್ತದೆ.

ಇದ್ದ ಸ್ಥಿತಿಯಲ್ಲೇ ತೃಪ್ತನಾಗಿರಲು ಕಲಿತೆ ಅಂತ ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲನು ಬರೆದದ್ದು ಸೆರೆಯಲ್ಲಿದ್ದಾಗ (ಫಿಲಿಪ್ಪಿ 4:11). ಗೋಪುರ ಕಟ್ಟುವ ಮೊದಲು ಕೂತು ಲೆಕ್ಕ ಹಾಕಬೇಕು ಅಂತ ಯೇಸುವೇ ಹೇಳಿದ್ದಾರೆ (ಲೂಕ 14:28). ಆದರೆ ಬಂಧುಗಳನ್ನು ಕರೆದು ಉಣಿಸುವುದೂ ಪ್ರೀತಿಯೇ ಅಲ್ವಾ? ಗೊಂದಲ ಇರುವುದು ಇಲ್ಲೇ.

ಮನೆಮಟ್ಟಿಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಹಿರಿಯರ ಮನಸ್ಸು ನೋಯದ ಹಾಗೆ ಯಾವ ಮಾತಿನಲ್ಲಿ ಒಪ್ಪಿಸಿದಿರಿ?